ಮೂವತ್ತೈದನೇ ಸಾಲಿನ ಕೇಸು: ಮೌರೀನ್ ಓಹಾರಾ ಮತ್ತು ಕಾನ್ಫಿಡೆನ್ಷಿಯಲ್ ಪತ್ರಿಕೆ

ಮೌರೀನ್ ಓಹಾರಾ ಅಂದ ಕೂಡಲೇ ಹಳೇ ಹಾಲಿವುಡ್ ಸಿನಿಮಾ ನೋಡುವವರಿಗೆ ಕೆಂಪು ಕೂದಲು, ಹಸಿರು ಕಣ್ಣು, ಜಾನ್ ವೇಯ್ನ್ ಜೊತೆ ಪರದೆ ಮೇಲೆ ಆಡಿದ ಜಗಳಗಳು ನೆನಪಾಗುತ್ತವೆ. ಬಣ್ಣದ ಸಿನಿಮಾ ಇನ್ನೂ ವಿಶೇಷ ಅನಿಸುತ್ತಿದ್ದ ಕಾಲದಲ್ಲಿ ಆಕೆಗೆ 'ಟೆಕ್ನಿಕಲರ್ ರಾಣಿ' ಅನ್ನುವ ಹೆಸರೇ ಬಿದ್ದಿತ್ತು. ಅದನ್ನೆಲ್ಲ ಬೇಕಾದಷ್ಟು ಮಂದಿ ಬರೆದಿದ್ದಾರೆ. ಈ ಡಬ್ಲಿನ್ ಹೆಣ್ಣುಮಗಳ ಬದುಕಿನಲ್ಲಿ ನನಗೆ ಜಾಸ್ತಿ ಕುತೂಹಲ ಹುಟ್ಟಿಸಿದ್ದು 1957ರ ಒಂದು ಕೋರ್ಟ್ ಪ್ರಕರಣ.

ಆ ಕಥೆಯನ್ನು ಸಾಮಾನ್ಯವಾಗಿ ಮೂರೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಹಳದಿ ಪತ್ರಿಕೆಯೊಂದು ಆಕೆ ಬಗ್ಗೆ ಕೊಳಕು ಸುದ್ದಿ ಬರೆಯಿತು. ಆಕೆ ಕೋರ್ಟಿಗೆ ಬಂದು ಪಾಸ್‌ಪೋರ್ಟ್ ತೋರಿಸಿದಳು. ಪತ್ರಿಕೆ ನೆಲಕಚ್ಚಿತು. ಕೇಳಲು ಚೆನ್ನಾಗಿದೆ, ಚಪ್ಪಾಳೆ ಗಿಟ್ಟಿಸುವ ಕ್ಲೈಮ್ಯಾಕ್ಸ್ ಇದೆ. ಆದರೆ ದಾಖಲೆ ಬಿಡಿಸುತ್ತಾ ಹೋದರೆ ಇಷ್ಟು ನೇರವಾಗಿಲ್ಲ. ಪಾಸ್‌ಪೋರ್ಟ್ ನಿಜ, ಪತ್ರಿಕೆ ಸೋತದ್ದೂ ನಿಜ. ಇವೆರಡರ ನಡುವೆ 'ಅದಕ್ಕೇ ಇದು' ಅನ್ನುವ ಗೆರೆ ಎಳೆಯುವುದು ಮಾತ್ರ ಕಷ್ಟ.

ಹೆಸರು ಬದಲಾದ ಹುಡುಗಿ

ಹುಟ್ಟಿದ್ದು 1920ರ ಆಗಸ್ಟ್ 17ರಂದು, ಡಬ್ಲಿನ್ ನಗರದ ರಾನೆಲಾ ಬಡಾವಣೆಯಲ್ಲಿ. ನಿಜವಾದ ಹೆಸರು ಮೌರೀನ್ ಫಿಟ್ಸ್‌ಸೈಮನ್ಸ್. ಆರು ಮಕ್ಕಳಲ್ಲಿ ಎರಡನೆಯವಳು. ಅಪ್ಪನಿಗೆ ಬಟ್ಟೆ ವ್ಯಾಪಾರ, ಜೊತೆಗೆ ಶ್ಯಾಮ್‌ರಾಕ್ ರೋವರ್ಸ್ ಫುಟ್‌ಬಾಲ್ ಕ್ಲಬ್ಬಿನಲ್ಲಿ ಪಾಲು. ಅಮ್ಮ ಒಳ್ಳೆಯ ಹಾಡುಗಾರ್ತಿ. ಹುಡುಗಿ ಹತ್ತು ವರ್ಷಕ್ಕೇ ರಾತ್‌ಮೈನ್ಸ್ ನಾಟಕ ತಂಡ ಸೇರಿದಳು, ಹದಿನಾಲ್ಕಕ್ಕೆ ಐರ್ಲೆಂಡಿನ ರಾಷ್ಟ್ರೀಯ ರಂಗಮಂದಿರವಾದ ಅಬೆ ಥಿಯೇಟರ್ ಸೇರಿದಳು. ರಂಗಭೂಮಿಯಲ್ಲೇ ಬೆಳೆಯಬೇಕು ಅಂದುಕೊಂಡಿದ್ದವಳು.

ಲಂಡನ್ನಿನಲ್ಲಿ ತೆಗೆದ ಒಂದು ಸ್ಕ್ರೀನ್ ಟೆಸ್ಟ್ ಎಲ್ಲವನ್ನೂ ಬದಲಾಯಿಸಿತು. ಟೆಸ್ಟೇನೂ ಚೆನ್ನಾಗಿ ಬಂದಿರಲಿಲ್ಲ. ಆದರೆ ಅದನ್ನು ನೋಡಿದ ನಟ ಚಾರ್ಲ್ಸ್ ಲಾಟನ್‌ಗೆ ಆ ಕಣ್ಣುಗಳು ತಲೆಯಿಂದ ಹೋಗಲಿಲ್ಲ. ಆತ ಮತ್ತು ಎರಿಕ್ ಪಾಮರ್ ಸೇರಿ ನಡೆಸುತ್ತಿದ್ದ ಮೇಫ್ಲವರ್ ಕಂಪನಿ ಆಕೆಯನ್ನು ಏಳು ವರ್ಷದ ಕರಾರಿಗೆ ಹಾಕಿಕೊಂಡಿತು. ಫಿಟ್ಸ್‌ಸೈಮನ್ಸ್ ಅನ್ನುವ ಹೆಸರು ಚಿತ್ರಮಂದಿರದ ಬೋರ್ಡಿಗೆ ಉದ್ದವಾಯಿತು ಅಂತ ಲಾಟನ್ ಅದನ್ನು ಓಹಾರಾ ಮಾಡಿದ. ಹುಡುಗಿಗೆ ಇಷ್ಟವಿರಲಿಲ್ಲ. ಕೇಳುವವರು ಯಾರು? 1939ರಲ್ಲಿ ಹಿಚ್‌ಕಾಕ್ ನಿರ್ದೇಶನದ 'ಜಮೈಕಾ ಇನ್' ಬಂತು. ಅದೇ ವರ್ಷ ಲಾಟನ್ ಜೊತೆ ಅಮೆರಿಕಕ್ಕೆ ಹೋದಳು. ಅಷ್ಟರಲ್ಲಿ ಯುರೋಪಿನಲ್ಲಿ ಯುದ್ಧ ಶುರುವಾಯಿತು, ಮೇಫ್ಲವರ್ ಕೆಲಸ ನಿಂತಿತು. ಆಕೆಯ ಕರಾರನ್ನು ಆರ್‌ಕೆಓ ಸ್ಟುಡಿಯೋಗೆ ಮಾರಿದರು. ಮುಂದೆ ಫಾಕ್ಸ್ ಸ್ಟುಡಿಯೋ ಕೂಡ ಅದರಲ್ಲಿ ಪಾಲು ಪಡೆಯಿತು. ಮಾರಿದರು, ಕೊಂಡರು ಅನ್ನುವುದು ಇಲ್ಲಿ ಅಲಂಕಾರದ ಮಾತಲ್ಲ, ಸ್ಟುಡಿಯೋಗಳ ವ್ಯವಹಾರವೇ ಹಾಗಿತ್ತು.

1941ರಲ್ಲಿ ಜಾನ್ ಫೋರ್ಡ್ ನಿರ್ದೇಶನದ 'ಹೌ ಗ್ರೀನ್ ವಾಸ್ ಮೈ ವ್ಯಾಲಿ' ಆಕೆಯನ್ನು ದೊಡ್ಡ ನಟಿ ಮಾಡಿತು. ಆ ಚಿತ್ರಕ್ಕೆ ಆ ಸಾಲಿನ ಅತ್ಯುತ್ತಮ ಚಿತ್ರದ ಆಸ್ಕರ್ ಬಂತು. 1951ರ ಬೇಸಿಗೆಯಲ್ಲಿ ಐರ್ಲೆಂಡಿನ ಮೇಯೋ ಜಿಲ್ಲೆಯ ಕಾಂಗ್ ಅನ್ನುವ ಹಳ್ಳಿಯಲ್ಲಿ ಫೋರ್ಡ್ ತೆಗೆದ 'ದಿ ಕ್ವೈಟ್ ಮ್ಯಾನ್' ಆಕೆಯ ಹೆಸರಿನ ಜೊತೆ ಶಾಶ್ವತವಾಗಿ ಅಂಟಿಕೊಂಡಿತು.

ಈ ಎರಡರ ಮಧ್ಯೆ ಒಂದು ವಿಷಯವಿದೆ. ಅದಿಲ್ಲದೆ 1957ರ ಪ್ರಕರಣ ಪೂರ್ತಿ ಅರ್ಥವಾಗುವುದಿಲ್ಲ. 1945ರಲ್ಲಿ ಆಕೆ ಒಂದು ಪತ್ರಿಕೆಗೆ ಸಂದರ್ಶನ ಕೊಟ್ಟಳು. ಬೆಳಿಗ್ಗೆ ಬೆಳಿಗ್ಗೆ ನಿರ್ಮಾಪಕರಿಗೆ, ನಿರ್ದೇಶಕರಿಗೆ ಮುತ್ತಿಡಲು, ಮೈ ಮುಟ್ಟಲು ತಾನು ಬಿಡುವುದಿಲ್ಲ, ಅದಕ್ಕೆ ಅವರು ತನ್ನನ್ನು ಹೆಂಗಸೇ ಅಲ್ಲ, ತಣ್ಣಗಿನ ಅಮೃತಶಿಲೆಯ ಗೊಂಬೆ ಅಂತ ಊರೆಲ್ಲ ಸಾರಿದ್ದಾರೆ ಅಂದಳು. ಇದೇ ಹಾಲಿವುಡ್ ಆದರೆ ಬಿಟ್ಟು ಹೋಗಲೂ ತಯಾರು ಅಂದಳು. ಏಳು ದಶಕದ ನಂತರ ಹಾಲಿವುಡ್‌ನಲ್ಲಿ ಲೈಂಗಿಕ ಕಿರುಕುಳದ ದೂರುಗಳು ಒಂದರ ಮೇಲೊಂದು ಬಂದಾಗ ಈ ಹಳೇ ತುಣುಕನ್ನು ಜನ ಹುಡುಕಿ ಹಂಚಿಕೊಂಡರು. ಆಗ ಹೇಳಿದಾಗ ಮಾತ್ರ ಯಾರೂ ತಲೆ ಕೆಡಿಸಿಕೊಂಡ ಹಾಗಿಲ್ಲ.

1945ರಲ್ಲಿ ಊರು ಆಕೆಯನ್ನು ಕಲ್ಲು ಅಂದಿತು. ಹನ್ನೆರಡು ವರ್ಷಕ್ಕೆ ಅದೇ ಊರಿನ ಸುದ್ದಿ ಮಾರಿ ಬದುಕುವ ಪತ್ರಿಕೆ ಇದಕ್ಕೆ ಪೂರಾ ಉಲ್ಟಾ ಹೊಡೆಯಿತು.

ಅಂಗಡಿ ಹೇಗೆ ನಡೆಯುತ್ತಿತ್ತು

ಕಾನ್ಫಿಡೆನ್ಷಿಯಲ್ ಪತ್ರಿಕೆಯನ್ನು ರಾಬರ್ಟ್ ಹ್ಯಾರಿಸನ್ ಅನ್ನುವವನು 1952ರಲ್ಲಿ ನ್ಯೂಯಾರ್ಕಿನಲ್ಲಿ ಶುರು ಮಾಡಿದ. ಬೆಲೆ 25 ಸೆಂಟ್. ಅಗ್ಗದ ಕಾಗದ, ಕಣ್ಣು ಕುಕ್ಕುವ ಹಳದಿ-ಕೆಂಪು ಮುಖಪುಟ. ಮೂರ್ನಾಲ್ಕು ವರ್ಷದೊಳಗೆ ಒಂದೊಂದು ಸಂಚಿಕೆ 40 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಗತೊಡಗಿತು. ಅದೂ ಚಂದಾದಾರರಿಂದಲ್ಲ, ಬಹುಪಾಲು ರಸ್ತೆ ಬದಿಯ ಅಂಗಡಿಗಳಲ್ಲಿ. ಓದುವುದನ್ನು ಯಾರೂ ಒಪ್ಪಿಕೊಳ್ಳುತ್ತಿರಲಿಲ್ಲ, ಎಲ್ಲರಿಗೂ ಒಳಗೇನಿದೆ ಅಂತ ಗೊತ್ತಿರುತ್ತಿತ್ತು. ಈ ಜಾತಿಯ ಪತ್ರಿಕೆ ಯಾವ ದೇಶದ್ದಾದರೂ ಇಷ್ಟೇ, ಅಲ್ವಾ?

ಇದು ಬರೀ ಬಾಯಿಗೆ ಬಂದದ್ದು ಬರೆಯುವ ಪತ್ರಿಕೆ ಅಂದುಕೊಂಡರೆ ಹ್ಯಾರಿಸನ್‌ನ ಬುದ್ಧಿಗೆ ಅನ್ಯಾಯ ಮಾಡಿದ ಹಾಗೆ. ಆತನ ಪದ್ಧತಿ ಪಕ್ಕಾ ಇತ್ತು. ಸುದ್ದಿ ತರುವವರು ಹೋಟೆಲ್ ನೌಕರರು, ಖಾಸಗಿ ಪತ್ತೇದಾರರು, ಮುನಿಸಿಕೊಂಡ ಮಾಜಿ ಹೆಂಡತಿಯರು, ಕಾಲ್‌ಗರ್ಲ್‌ಗಳು. ಕಂಡದ್ದನ್ನು ಪ್ರಮಾಣಪತ್ರದಲ್ಲಿ ಬರೆದು ಸಹಿ ಹಾಕಬೇಕು, ದುಡ್ಡು ತಗೊಂಡು ಹೋಗಬೇಕು. ಆಮೇಲೆ ವಕೀಲರು ಪ್ರತಿಯನ್ನು ಸಾಲು ಸಾಲಾಗಿ ಸೋಸುತ್ತಿದ್ದರು. ಗೊತ್ತಿರುವುದರಲ್ಲಿ ಸ್ವಲ್ಪ ಮಾತ್ರ ಅಚ್ಚು ಹಾಕಿ, ಉಳಿದದ್ದನ್ನು ಕೈಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಕೇಸು ಹಾಕಿದರೆ ಉಳಿದದ್ದೂ ಹೊರಗೆ ಬರುತ್ತದೆ ಅನ್ನುವ ಭಯ ನಟರಿಗೆ ಇರಲಿ ಅಂತ.

ಇನ್ನೊಂದು ಕೋಟೆಯೂ ಇತ್ತು. ಪತ್ರಿಕೆ ನ್ಯೂಯಾರ್ಕಿನದು. ನಟಿ ಲಿಜಬೆತ್ ಸ್ಕಾಟ್ ಲಾಸ್ ಏಂಜಲೀಸ್‌ನಲ್ಲಿ ಹಾಕಿದ್ದ ಮಾನನಷ್ಟ ದಾವೆ 1956ರಲ್ಲಿ ಬಿದ್ದುಹೋಯಿತು. ಪತ್ರಿಕೆ ಕ್ಯಾಲಿಫೋರ್ನಿಯಾದ್ದಲ್ಲ, ಹಾಗಾಗಿ ಇಲ್ಲಿನ ಕೋರ್ಟಿಗೆ ಅದರ ಮೇಲೆ ಅಧಿಕಾರವಿಲ್ಲ ಅನ್ನುವ ಕಾರಣಕ್ಕೆ. ಹಾಲಿವುಡ್‌ನಲ್ಲಿ ಸುದ್ದಿ ಹೆಕ್ಕಲು ಹ್ಯಾರಿಸನ್ ತನ್ನ ಸೋದರ ಸೊಸೆ ಮಾರ್ಜೋರಿ ಮೀಡ್ ಮತ್ತು ಆಕೆಯ ಗಂಡ ಫ್ರೆಡ್ ಮೀಡ್ ಕೈಯಲ್ಲಿ ಹಾಲಿವುಡ್ ರಿಸರ್ಚ್ ಅನ್ನುವ ಬೇರೆಯೇ ಕಂಪನಿ ನಡೆಸುತ್ತಿದ್ದ. ಕಾಗದದ ಮೇಲೆ ಪತ್ರಿಕೆಗೂ ಅದಕ್ಕೂ ಅಂತರ. ಈ ಅಂತರವೇ ಕೊನೆಗೆ ಆತನ ಕುತ್ತಿಗೆಗೆ ಬಂತು, ಅದನ್ನು ಮುಂದೆ ನೋಡೋಣ.

ಬರೆದದ್ದೇನು, ಪೆಟ್ಟು ಬಿದ್ದದ್ದೆಲ್ಲಿ

1957ರ ಮಾರ್ಚ್ ಸಂಚಿಕೆಯಲ್ಲಿ ಬಂದ ಲೇಖನದ ತಲೆಬರಹದ ಸಾರ ಇಷ್ಟು: ಮೌರೀನ್ ಓಹಾರಾ ಮೂವತ್ತೈದನೇ ಸಾಲಿನಲ್ಲಿ ಒರಗಿಕೊಂಡಾಗ ಊರಿಗೇ ಅತಿ ಬಿಸಿಯಾದ ಪ್ರದರ್ಶನ ನಡೆಯಿತು. ಜಾಗ ಹಾಲಿವುಡ್ ಬುಲೆವಾರ್ಡ್‌ನ ಗ್ರಾಮನ್ಸ್ ಚೈನೀಸ್ ಥಿಯೇಟರ್. ನಟನಟಿಯರ ಕೈಗುರುತು, ಕಾಲ್ಗುರುತು ಸಿಮೆಂಟಿನಲ್ಲಿ ಒತ್ತಿರುವ ಅಂಗಳವಿರುವುದು ಅಲ್ಲೇ. ಕಾಲ 1953ರ ನವೆಂಬರ್. ಆಕೆ ಲ್ಯಾಟಿನ್ ಅಮೆರಿಕದ ಒಬ್ಬ ಎತ್ತರದ ಗಂಡಸಿನ ಜೊತೆ ಬಂದಳಂತೆ. ಒಳಗೆ ಬರುವಾಗ ಬ್ಲೌಸಿನ ಗುಂಡಿ ಸರಿಯಾಗಿತ್ತಂತೆ. ಮೇಲ್ವಿಚಾರಕ ಟಾರ್ಚ್ ಹಿಡಿದು ಹೋಗಿ ನೋಡಿದರೆ ಇಬ್ಬರೂ ಮೂರು ಸೀಟುಗಳಿಗೆ ಹರಡಿಕೊಂಡಿದ್ದರಂತೆ. ಕೊನೆಗೆ ಹೊರಗೆ ಕಳಿಸಬೇಕಾಯಿತಂತೆ.

ಗಮನಿಸಿ: ಸಾಲಿನ ಸಂಖ್ಯೆ, ಸೀಟಿನ ಲೆಕ್ಕ, ಗುಂಡಿ, ಟಾರ್ಚ್. ಗಾಳಿಸುದ್ದಿಗೆ ಬೆನ್ನೆಲುಬು ಬರುವುದೇ ಇಂಥ ಸಣ್ಣಪುಟ್ಟ ವಿವರದಿಂದ. 'ಥಿಯೇಟರಿನಲ್ಲಿ ಕಂಡರಂತೆ' ಅಂದರೆ ಯಾರೂ ನಂಬುವುದಿಲ್ಲ. 'ಮೂವತ್ತೈದನೇ ಸಾಲು' ಅಂದರೆ, ಯಾರೋ ಎಣಿಸಿದ್ದಾರೆ ಅನಿಸಿಬಿಡುತ್ತದೆ.

ಆ ಹೊತ್ತಿಗೆ ಆಕೆಗೆ ಮೂವತ್ತಾರು. ಎರಡನೇ ಗಂಡ ವಿಲ್ ಪ್ರೈಸ್‌ನ ಕುಡಿತ ಸಹಿಸಿ ಸಹಿಸಿ, 1953ರಲ್ಲಿ ವಿಚ್ಛೇದನ ಪಡೆದಿದ್ದಳು. ಕ್ಯಾಥೊಲಿಕ್ ಮನೆತನದಲ್ಲಿ ಬೆಳೆದವಳಿಗೆ ಅದು ಸುಲಭದ ಹೆಜ್ಜೆಯಲ್ಲ. ಮಗಳು ಬ್ರಾನ್ವಿನ್ ಹುಟ್ಟಿದ್ದು 1944ರಲ್ಲಿ. ವಿಚ್ಛೇದನದ ನಂತರ ಪ್ರೈಸ್ ಮಗಳು ತನಗೆ ಬೇಕು ಅಂತ ಕೋರ್ಟಿಗೆ ಹೋದ. ತಾಯಿಯ ನಡತೆ ಸರಿಯಿಲ್ಲ ಅನ್ನುವುದು ಆತನ ವಾದ. ಆಕೆ ಆಗ ಮೆಕ್ಸಿಕೋದ ಎನ್ರಿಕೆ ಪಾರ್ರಾ ಅನ್ನುವ ರಾಜಕಾರಣಿ, ಬ್ಯಾಂಕ್ ಉದ್ಯಮಿಯ ಜೊತೆ ಸ್ನೇಹದಲ್ಲಿದ್ದಳು. ಅದು ಮುಚ್ಚಿಟ್ಟ ಗುಟ್ಟೇನೂ ಆಗಿರಲಿಲ್ಲ.

ಈಗ ಪತ್ರಿಕೆಯ ಆ 'ಲ್ಯಾಟಿನ್' ಗಂಡಸು ಯಾಕೆ ಬಂದ ಅಂತ ಗೊತ್ತಾಗುತ್ತದೆ. ಓದುಗರು ಒಂದಕ್ಕೊಂದು ಕೂಡಿಸಿಕೊಳ್ಳಲಿ ಅಂತ. ಹೆಸರು ಬರೆಯಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ಈ ಲೇಖನದಿಂದ ಮಾನ ಹೋಗುವುದು ಒಂದು ಕಡೆ ಇರಲಿ. ಮಗಳ ವಿಷಯದಲ್ಲಿ ಎದುರಾಳಿಯ ಕೈಗೆ ಅಚ್ಚಾದ ಕಾಗದ ಸಿಕ್ಕಿದ ಹಾಗಾಯಿತು. ಈ ಪ್ರಕರಣದ ಬಗ್ಗೆ ಬರೆಯುವವರು ಬಹಳ ಸಲ ಈ ಭಾಗ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಆಕೆ ಸುಮ್ನೆ ಕೂರದಿದ್ದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಸುಮ್ನಿರುವುದೋ, ಎದುರು ನಿಲ್ಲುವುದೋ

ಆಕೆಯ ಮುಂದೆ ಏನೇನು ದಾರಿ ಇತ್ತು? ಮೊದಲನೆಯದು ಹಾಲಿವುಡ್ ಹಾದಿ: ಬಾಯಿ ಮುಚ್ಚಿಕೊಂಡಿರುವುದು. ಮುಂದಿನ ಸಂಚಿಕೆ ಬಂದರೆ ಜನ ಬೇರೆಯವರ ಬಗ್ಗೆ ಮಾತಾಡುತ್ತಾರೆ. ಸ್ಟುಡಿಯೋಗಳ ಪ್ರಚಾರ ವಿಭಾಗಗಳು ಕೊಡುತ್ತಿದ್ದ ಸಲಹೆ ಇದೇ. ಕೇಸು ಹಾಕಿದರೆ ಎದುರು ವಕೀಲ ಹತ್ತು ವರ್ಷದ ಬದುಕು ಕೆದಕುತ್ತಾನೆ. ಕಳೆದುಕೊಳ್ಳುವುದು ಜಾಸ್ತಿ, ಸಿಗುವುದು ಕಮ್ಮಿ. ನಿಜ ಹೇಳಬೇಕೆಂದರೆ ಇದು ಪೆದ್ದು ಸಲಹೆಯೇನಲ್ಲ.

ಎರಡನೆಯದು ಮಾನನಷ್ಟದ ದಾವೆ. ಅದನ್ನು ಹಾಕಿದಳು. ಮೂರನೆಯ ದಾರಿಯನ್ನು ಆಕೆ ಹುಡುಕಿಕೊಂಡು ಹೋಗಲಿಲ್ಲ, ಅದೇ ಎದುರಿಗೆ ಬಂತು. ಕ್ಯಾಲಿಫೋರ್ನಿಯಾ ಸರ್ಕಾರವೇ ಪತ್ರಿಕೆ ಮೇಲೆ ಕ್ರಿಮಿನಲ್ ಕೇಸು ಹೂಡಿತು. ಸಾಕ್ಷಿ ಹೇಳುವವರು ಬೇಕಿತ್ತು.

ಆಗ ಅಲ್ಲಿ ಅಟಾರ್ನಿ ಜನರಲ್, ಅಂದರೆ ರಾಜ್ಯದ ಮುಖ್ಯ ಸರ್ಕಾರಿ ವಕೀಲ ಆಗಿದ್ದವರು ಪ್ಯಾಟ್ ಬ್ರೌನ್. ಮುಂದೆ ಅದೇ ರಾಜ್ಯದ ಗವರ್ನರ್ ಆದರು. 1957ರ ಮೇ ತಿಂಗಳಲ್ಲಿ ಗ್ರ್ಯಾಂಡ್ ಜ್ಯೂರಿ (ಕೇಸು ನಡೆಸುವಷ್ಟು ಆಧಾರ ಇದೆಯೇ ಅಂತ ಮೊದಲೇ ನೋಡುವ ನಾಗರಿಕರ ಮಂಡಳಿ) ದೋಷಾರೋಪ ಹೊರಿಸಿತು. ಕ್ರಿಮಿನಲ್ ಮಾನಹಾನಿಗೆ ಸಂಚು, ಅಶ್ಲೀಲ ಬರಹ ಪ್ರಕಟಿಸಲು ಸಂಚು, ಗರ್ಭಪಾತ ಮತ್ತು ಗಂಡಸರ ಶಕ್ತಿವರ್ಧಕ ಔಷಧಿ ಕುರಿತು ಮಾಹಿತಿ ಹರಡಲು ಸಂಚು. ಹ್ಯಾರಿಸನ್‌ನನ್ನು ಹಿಡಿದು ತರುವುದು ಬ್ರೌನ್ ಆಸೆ. ನ್ಯೂಯಾರ್ಕ್ ಆತನನ್ನು ಒಪ್ಪಿಸಲಿಲ್ಲ. ಹಾಗಾಗಿ ಕೋರ್ಟಿನಲ್ಲಿ ನಿಲ್ಲಬೇಕಾಗಿ ಬಂದದ್ದು ಕೈಗೆ ಸಿಕ್ಕ ಮೀಡ್ ದಂಪತಿ. ದೂರ ಇಟ್ಟುಕೊಳ್ಳಲು ಕಟ್ಟಿದ ಕಂಪನಿಯೇ ಬಾಗಿಲು ತೆರೆದುಕೊಟ್ಟಿತು.

ಮೊದಮೊದಲು ಸ್ಟುಡಿಯೋಗಳಿಗೆ ಇದು ಸಂಭ್ರಮದ ವಿಷಯವೇ. ಆದರೆ ಆರೋಪಿಗಳ ಪರ ವಕೀಲ ಆರ್ಥರ್ ಕ್ರೌಲಿ ಒಂದು ಉಪಾಯ ಮಾಡಿದ. ಪತ್ರಿಕೆ ಬರೆದದ್ದು ನಿಜವೋ ಸುಳ್ಳೋ ಅಂತ ಸಾಬೀತು ಮಾಡಲು ಯಾರ್ಯಾರ ಬಗ್ಗೆ ಬರೆಯಿತೋ ಅವರನ್ನೇ ಕೋರ್ಟಿಗೆ ಕರೆಸುತ್ತೇನೆ ಅಂದ. ನೂರಕ್ಕೂ ಹೆಚ್ಚು ನಟನಟಿಯರಿಗೆ ಸಮನ್ಸ್ ಹೊರಡುವ ಮಾತು. ಪ್ರಮಾಣ ಮಾಡಿ ನಿಂತು, ಹೌದೋ ಅಲ್ಲವೋ ಹೇಳಬೇಕು. ಊರಿನಲ್ಲಿ ಗಡಿಬಿಡಿ ಎದ್ದಿತು. ಕೆಲವರು ರಾಜ್ಯ ಬಿಟ್ಟು ಹೋದರು, ಕೆಲವರಿಗೆ ಇದ್ದಕ್ಕಿದ್ದ ಹಾಗೆ ರಜೆ ಬೇಕಾಯಿತು. ಕೇಸು ಬೇಕು ಅಂದಿದ್ದ ಸ್ಟುಡಿಯೋಗಳೇ ಬ್ರೌನ್ ಹತ್ತಿರ ಹೋಗಿ, ಹೇಗಾದರೂ ಇತ್ಯರ್ಥ ಮಾಡಿ ಅನ್ನತೊಡಗಿದವು.

ಆಗಸ್ಟಿನಲ್ಲಿ ವಿಚಾರಣೆ ಶುರುವಾಯಿತು, ನ್ಯಾಯಾಧೀಶರು ಹರ್ಬರ್ಟ್ ವಾಕರ್. ಪತ್ರಿಕೆಯಲ್ಲಿ ಬಂದ ಲೇಖನಗಳನ್ನು ಕೋರ್ಟಿನಲ್ಲಿ ಗಟ್ಟಿಯಾಗಿ ಓದಿದರು. ಅದನ್ನು ಮರುದಿನ ಮರ್ಯಾದಸ್ಥ ದಿನಪತ್ರಿಕೆಗಳು ಕೋರ್ಟ್ ವರದಿ ಅಂತ ಅಚ್ಚು ಹಾಕಿದವು. ಕಾನ್ಫಿಡೆನ್ಷಿಯಲ್ ಮುಟ್ಟದ ಮನೆಗಳಿಗೂ ಕಾನ್ಫಿಡೆನ್ಷಿಯಲ್ ಬರೆದದ್ದು ಮುಟ್ಟಿತು. ಕೊಳಕು ತೊಳೆಯಲು ಹೂಡಿದ ಕೇಸು ಅದನ್ನೇ ಊರಿಗೆಲ್ಲ ಹಂಚಿತು.

ಸುದ್ದಿಯಲ್ಲಿ ಹೆಸರು ಬಂದ ಅಷ್ಟು ದೊಡ್ಡ ದೊಡ್ಡ ತಾರೆಯರಲ್ಲಿ ಕೊನೆಗೆ ಸಾಕ್ಷಿಕಟ್ಟೆ ಹತ್ತಿದವರು ಇಬ್ಬರೇ. ಒಬ್ಬಳು ಮೌರೀನ್. ಇನ್ನೊಬ್ಬಳು ಕಪ್ಪು ನಟಿ ಡೊರತಿ ಡ್ಯಾಂಡ್ರಿಡ್ಜ್. ಇಬ್ಬರೂ ಹೆಂಗಸರು, ಇಬ್ಬರೂ ಆ ಊರಿಗೆ ಒಂದಲ್ಲ ಒಂದು ರೀತಿ ಹೊರಗಿನವರು. ಇದು ಕಾಕತಾಳೀಯ ಇರಬಹುದು. ನನಗೆ ಹಾಗನಿಸುವುದಿಲ್ಲ.

ಸಾಕ್ಷಿಕಟ್ಟೆಯಲ್ಲಿ

ಆಗಿನ ಕ್ಯಾಲಿಫೋರ್ನಿಯಾ ಕಾನೂನಿನಲ್ಲಿ ಕ್ರಿಮಿನಲ್ ಮಾನಹಾನಿ ಕೇಸಿನಿಂದ ಪಾರಾಗಲು ಬರೆದದ್ದು ನಿಜ ಅಂದರೆ ಸಾಲದು. ಒಳ್ಳೆಯ ಉದ್ದೇಶದಿಂದ ಬರೆದೆವು ಅಂತಲೂ ತೋರಿಸಬೇಕು. ಹಾಗಿದ್ದರೂ ಮೊದಲ ಪ್ರಶ್ನೆ ಅದೇ: ಮೂವತ್ತೈದನೇ ಸಾಲಿನಲ್ಲಿ ಕೂತದ್ದು ಹೌದೋ ಅಲ್ಲವೋ?

ಥಿಯೇಟರಿನ ಮಾಜಿ ಸಹಾಯಕ ಮ್ಯಾನೇಜರ್ ಬಂದು, ಹೌದು, ಕಣ್ಣಾರೆ ಕಂಡೆ ಅಂದ. ಮೌರೀನ್ ಬಂದು, ಇಲ್ಲ ಅಂದಳು. ಇಬ್ಬರೂ ಪ್ರಮಾಣ ಮಾಡಿದವರೇ. ಇಲ್ಲಿಗೆ ನಿಂತಿದ್ದರೆ ಯಾರ ಮುಖ ನೋಡಿ ಯಾರಿಗೆ ನಂಬಿಕೆ ಬರುತ್ತದೋ ಅಷ್ಟೇ. ಆಕೆಯಂತೂ ನಟಿ. ಮುಖದಲ್ಲಿ ಸತ್ಯ ತೋರಿಸುವುದೇ ಕಸುಬು ಅಂತ ಎದುರಿನವರು ಸುಲಭವಾಗಿ ಅನ್ನಬಹುದು.

ಆಗ ಬಂತು ಪಾಸ್‌ಪೋರ್ಟ್. ಲೇಖನ ಹೇಳುವ ಹೊತ್ತಿನಲ್ಲಿ ಆಕೆ ಸ್ಪೇನ್‌ನಲ್ಲಿ ಚಿತ್ರೀಕರಣದಲ್ಲಿದ್ದಳು. ಹೊರಟದ್ದು ಯಾವಾಗ, 1954ರ ಜನವರಿಯಲ್ಲಿ ಅಮೆರಿಕಕ್ಕೆ ವಾಪಸು ಬಂದದ್ದು ಯಾವಾಗ, ಎಲ್ಲಕ್ಕೂ ಮುದ್ರೆ ಬಿದ್ದಿತ್ತು. ವಲಸೆ ಕಚೇರಿಯ ಗುಮಾಸ್ತನಿಗೆ ಮೌರೀನ್ ಓಹಾರಾ ಮೇಲೆ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ. ಆತ ದಿನಾಂಕ ಒತ್ತಿ ಮುಂದಿನವರನ್ನು ಕರೆದಿರುತ್ತಾನೆ. ಅದೇ ಆ ಮುದ್ರೆಯ ಬಲ.

ಕಾಗದದಲ್ಲಿ ಏನು ಬರೆದಿದೆ ಅನ್ನುವುದು ಆಕೆಗೆ ಮೊದಲಿನಿಂದಲೂ ಮುಖ್ಯವಾಗಿತ್ತು. 1946ರಲ್ಲಿ ಅಮೆರಿಕದ ಪೌರತ್ವ ಪಡೆಯುವಾಗ ದಾಖಲೆಯಲ್ಲಿ ಆಕೆಯ ಹಿಂದಿನ ರಾಷ್ಟ್ರೀಯತೆಯನ್ನು ಇಂಗ್ಲಿಷ್ ಅಂತ ಬರೆದಿದ್ದರಂತೆ. ನಾನು ಐರಿಷ್, ಹಾಗಂತ ಬರೆಯದಿದ್ದರೆ ನಿಮ್ಮ ಪೌರತ್ವವೇ ಬೇಡ ಅಂತ ಪಟ್ಟು ಹಿಡಿದು, ತಿದ್ದಿಸಿಕೊಂಡೇ ಬಿಟ್ಟೆ ಅಂತ 2004ರ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾಳೆ. ಆತ್ಮಕಥೆಗಳಲ್ಲಿ ಇಂಥ ಕಥೆಗೆ ಸ್ವಲ್ಪ ಉಪ್ಪು ಖಾರ ಬಿದ್ದಿರುತ್ತದೆ, ಇರಲಿ.

ಡ್ಯಾಂಡ್ರಿಡ್ಜ್ ಹೇಳಿದ ಸಾಕ್ಷ್ಯವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. ಲೇಕ್ ಟಾಹೋ ಬಳಿಯ ಕಾಡಿನಲ್ಲಿ ಆಕೆ ಒಬ್ಬ ಬಿಳಿಯ ವಾದ್ಯಗಾರನ ಜೊತೆಗಿದ್ದಳು ಅಂತ ಪತ್ರಿಕೆ ಬರೆದಿತ್ತು. ಆಕೆ ಹೇಳಿದ ಉತ್ತರದ ಸಾರ ಇದು: ಅಲ್ಲಿ ಹೋಟೆಲ್‌ನಲ್ಲಿ ಹಾಡಲು ಹೋಗಿದ್ದೆ, ಆದರೆ ಕಪ್ಪು ಜನ ಅಲ್ಲಿ ಬೇಕಾದ ಹಾಗೆ ಓಡಾಡುವಂತಿರಲಿಲ್ಲ, ಹಾಡಿ ಮುಗಿಸಿ ಕೋಣೆ ಸೇರುತ್ತಿದ್ದೆ, ಬಿಳಿಯ ಗಂಡಸಿನ ಜೊತೆ ಹೊರಗೆ ಸುತ್ತುವ ಮಾತೆಲ್ಲಿ? ತನಗೆ ಮಾಡಿದ ಅವಮಾನವನ್ನೇ ತನ್ನ ನಿರಪರಾಧಕ್ಕೆ ಪುರಾವೆ ಮಾಡಬೇಕಾಯಿತು. ಒಬ್ಬಳು ಎಲ್ಲಿಗೆ ಬೇಕಾದರೂ ಹೋಗಬಲ್ಲೆ ಅನ್ನುವ ಪುಸ್ತಕ ತೋರಿಸಿದಳು, ಇನ್ನೊಬ್ಬಳು ಎಲ್ಲಿಗೂ ಹೋಗಲು ಬಿಡಲಿಲ್ಲ ಅಂದಳು. ಈ ವಿಚಾರಣೆಯಲ್ಲಿ ನನ್ನನ್ನು ಜಾಸ್ತಿ ಕಾಡುವುದು ಡ್ಯಾಂಡ್ರಿಡ್ಜ್ ಹೇಳಿಕೆಯೇ. ಆದರೆ ಚಪ್ಪಾಳೆ ಎಲ್ಲ ಪಾಸ್‌ಪೋರ್ಟಿಗೆ ಸಿಕ್ಕಿತು.

ಆಮೇಲೆ ನಡೆದದ್ದು ಪ್ರಹಸನ. ನ್ಯಾಯಾಧೀಶರು, ವಕೀಲರು, ತಪ್ಪೋ ಅಲ್ಲವೋ ತೀರ್ಮಾನಿಸುವ ಹನ್ನೆರಡು ನಾಗರಿಕರ ಜ್ಯೂರಿ ಎಲ್ಲರೂ ಹೊರಟು ಗ್ರಾಮನ್ಸ್ ಥಿಯೇಟರಿಗೇ ಹೋದರು. ಜ್ಯೂರಿಯವರು ಮೂವತ್ತೈದನೇ ಸಾಲಿನಲ್ಲಿ ಕೂತು ನೋಡಿದರು. ಲೇಖನದಲ್ಲಿ ಹೇಳಿದ ಭಂಗಿಯಲ್ಲಿ ಆ ಸೀಟುಗಳಲ್ಲಿ ಇರಲು ಸಾಧ್ಯವೇ ಅನ್ನುವುದು ಪರೀಕ್ಷೆ. ಗಂಭೀರ ಮುಖದ ದೊಡ್ಡವರು ಖಾಲಿ ಚಿತ್ರಮಂದಿರದಲ್ಲಿ ಸೀಟಿನ ಕೈ ಹಿಡಿದು ಅಳೆಯುತ್ತಿದ್ದರೆ, ಹೊರಗೆ ಫೋಟೋಗ್ರಾಫರ್‌ಗಳಿಗೆ ಹಬ್ಬ.

ತೀರ್ಪೇ ಬರಲಿಲ್ಲ

ಜ್ಯೂರಿ ಎರಡು ವಾರ ಬಾಗಿಲು ಹಾಕಿಕೊಂಡು ಕೂತಿತು. ಒಮ್ಮತ ಬರಲಿಲ್ಲ. ಏಳು ಜನ ಶಿಕ್ಷೆ ಆಗಲಿ ಅಂದರು, ಐವರು ಬೇಡ ಅಂದರು. ಅಕ್ಟೋಬರ್ 1ರಂದು ವಿಚಾರಣೆಯನ್ನು ಅಸಿಂಧು ಅಂತ ಘೋಷಿಸಿದರು. ಅಂದರೆ ಪಾಸ್‌ಪೋರ್ಟ್ ಕಣ್ಣಾರೆ ಕಂಡ ಹನ್ನೆರಡು ಮಂದಿಯಲ್ಲಿ ಐವರು ಆರೋಪಿಗಳ ಪರ ನಿಂತರು.

ಯಾಕಿರಬಹುದು? ಕೇಸಿನಲ್ಲಿ ಆಕೆಯದು ಒಂದೇ ಲೇಖನವಲ್ಲ, ಬೇರೆಯವೂ ಇದ್ದವು. ಸಂಚಿನ ಆರೋಪ ಸಾಬೀತು ಮಾಡುವುದು ಯಾವಾಗಲೂ ಕಷ್ಟ. ಎದುರಿಗೆ ಕೂತಿದ್ದವರು ಹ್ಯಾರಿಸನ್ ಅಲ್ಲ, ಸಾಧಾರಣ ಗಂಡ ಹೆಂಡತಿಯಂತೆ ಕಾಣುವ ಮೀಡ್ ದಂಪತಿ. ಇನ್ನೊಂದು ಮಾತೂ ಇದೆ. ಪಾಸ್‌ಪೋರ್ಟ್ ಗಟ್ಟಿ ಆಗುವುದು ಎದುರು ಪಕ್ಷದ ತಾರೀಕು ಗಟ್ಟಿಯಾಗಿದ್ದರೆ ಮಾತ್ರ. ನಾಲ್ಕು ವರ್ಷದ ಹಿಂದಿನ ಮಾತು, ತಿಂಗಳು ಹಿಂದೆ ಮುಂದೆ ಇರಬಹುದು ಅಂತ ಒಬ್ಬ ಸಾಕ್ಷಿಗೆ ಅನಿಸಿದರೂ ಸಾಕು, ಮುದ್ರೆಗಳ ಬಲ ಅರ್ಧ ಇಳಿಯುತ್ತದೆ. 'ಇಂಥ ದಿನ ನಾನಿಲ್ಲಿರಲಿಲ್ಲ' ಅಂತ ತೋರಿಸಬಹುದು. 'ಯಾವತ್ತೂ ಇರಲಿಲ್ಲ' ಅಂತ ತೋರಿಸುವ ಕಾಗದ ಯಾವ ದೇಶವೂ ಕೊಡುವುದಿಲ್ಲ.

ಹಾಗಾದರೆ ಪತ್ರಿಕೆ ಸೋತದ್ದು ಹೇಗೆ? ದುಡ್ಡಿನಿಂದ, ಸುಸ್ತಿನಿಂದ. ವಕೀಲರ ಖರ್ಚು ಏರುತ್ತಿತ್ತು. ಸಿವಿಲ್ ದಾವೆಗಳು ಸಾಲುಗಟ್ಟಿದ್ದವು. ಮರುವಿಚಾರಣೆಯ ಕತ್ತಿ ತೂಗುತ್ತಿತ್ತು. ಹ್ಯಾರಿಸನ್ ಬ್ರೌನ್ ಜೊತೆ ರಾಜಿಗೆ ಬಂದ. ತಾರೆಯರ ಖಾಸಗಿ ಬದುಕಿನ ಬಗ್ಗೆ ಇನ್ನು ಬರೆಯುವುದಿಲ್ಲ ಅಂತ ಒಪ್ಪಿಕೊಂಡ. ಹೆಚ್ಚಿನ ಆರೋಪ ಕೈಬಿಟ್ಟರು. ಕಾನ್ಫಿಡೆನ್ಷಿಯಲ್‌ಗೂ ಅದರ ತಂಗಿ ಪತ್ರಿಕೆ ವಿಸ್ಪರ್‌ಗೂ ತಲಾ 5,000 ಡಾಲರ್ ದಂಡ ಬಿತ್ತು. ಅವರ ಆದಾಯಕ್ಕೆ ಅದು ಚಿಲ್ಲರೆ ಕಾಸು. ಆದರೆ ಕಾನ್ಫಿಡೆನ್ಷಿಯಲ್‌ನಿಂದ ಗುಟ್ಟು ತೆಗೆದರೆ ಉಳಿಯುವುದೇನು? ಮಾರಾಟ ಕುಸಿಯಿತು. 1958ರಲ್ಲಿ ಹ್ಯಾರಿಸನ್ ಪತ್ರಿಕೆ ಮಾರಿಬಿಟ್ಟ. ಅದೇ ಹೆಸರಿನಲ್ಲಿ ಅದು ಆಮೇಲೂ ವರ್ಷಗಟ್ಟಲೆ ಬರುತ್ತಲೇ ಇತ್ತು, ಯಾರಿಗೂ ಹೆದರಿಕೆ ಹುಟ್ಟಿಸದೆ. ಡ್ಯಾಂಡ್ರಿಡ್ಜ್‌ಗೆ 10,000 ಡಾಲರ್ ಪರಿಹಾರ ಸಿಕ್ಕಿತು. ಮೌರೀನ್ ದಾವೆಯೂ ಕೋರ್ಟಿನ ಹೊರಗೇ ಮುಗಿಯಿತು.

ಪತ್ರಿಕೆಯ ಮಾಜಿ ಸಂಪಾದಕ ಹೋವರ್ಡ್ ರಶ್‌ಮೋರ್ ಸರ್ಕಾರದ ಪರ ಸಾಕ್ಷಿ ಹೇಳಿದ್ದ. 1958ರ ಜನವರಿಯಲ್ಲಿ ನ್ಯೂಯಾರ್ಕಿನ ಟ್ಯಾಕ್ಸಿಯೊಂದರಲ್ಲಿ ಹೆಂಡತಿಯನ್ನು ಗುಂಡಿಟ್ಟು ಕೊಂದು ತಾನೂ ಸತ್ತ. ಈ ಪ್ರಕರಣದ ಸುತ್ತ ಇದ್ದವರ ಗತಿ ಓದುತ್ತಾ ಹೋದರೆ ಮನಸ್ಸು ಹುಳ್ಳಗಾಗುತ್ತದೆ.

ಆಮೇಲಿನ ಲೆಕ್ಕ

ಮೌರೀನ್‌ಗೆ ಹೋದದ್ದೇನು, ಬಂದದ್ದೇನು? 1957ರ ಶುರುವಿನಲ್ಲಿ ಬಂದ ಫೋರ್ಡ್ ಚಿತ್ರದ ನಂತರ 1959ರ ಕೊನೆಯವರೆಗೆ ಆಕೆಯ ಒಂದು ಸಿನಿಮಾವೂ ತೆರೆಗೆ ಬರಲಿಲ್ಲ. ಅದಕ್ಕೆ ಮುಂಚೆ ವರ್ಷಕ್ಕೆ ಎರಡು, ಮೂರು ಬರುತ್ತಿದ್ದವು. ಎಲ್ಲವನ್ನೂ ಕೇಸಿನ ತಲೆಗೆ ಕಟ್ಟುವುದು ಸರಿಯಲ್ಲ. ಸ್ಟುಡಿಯೋ ಪದ್ಧತಿಯೇ ಆಗ ಕುಸಿಯುತ್ತಿತ್ತು, ಮೂವತ್ತೈದು ದಾಟಿದ ನಟಿಯರಿಗೆ ಪಾತ್ರ ಬರೆಯುವವರೂ ಕಮ್ಮಿ. ಆದರೂ ಕೇಸಿನ ಸಮಯದಲ್ಲಿ ಚಿತ್ರರಂಗದವರು ಯಾರೂ ತನ್ನ ಬೆನ್ನಿಗೆ ನಿಲ್ಲಲಿಲ್ಲ ಅನ್ನುವ ಕಹಿ ಆಕೆಗೆ ಕೊನೆತನಕ ಇತ್ತು. ಅದರಲ್ಲಿ ಅತಿಶಯವೇನಿಲ್ಲ. ನೂರಕ್ಕೂ ಹೆಚ್ಚು ಹೆಸರುಗಳಲ್ಲಿ ಇಬ್ಬರು ಬಂದರು ಅನ್ನುವುದು ಲೆಕ್ಕ.

ಮತ್ತೆ ಎದ್ದದ್ದು ಕ್ಯೂಬಾದ ಹವಾನಾದಲ್ಲಿ ತೆಗೆದ, ಕ್ಯಾರೊಲ್ ರೀಡ್ ನಿರ್ದೇಶನದ ಚಿತ್ರದಿಂದ. ಆಮೇಲೆ 1961ರಲ್ಲಿ ಡಿಸ್ನಿ ಕಂಪನಿಯ 'ದಿ ಪೇರೆಂಟ್ ಟ್ರ್ಯಾಪ್'. 1963ರಲ್ಲಿ ಮತ್ತೆ ಜಾನ್ ವೇಯ್ನ್ ಜೊತೆ. 1968ರಲ್ಲಿ ವಿಮಾನ ಹಾರಿಸುವ ಚಾರ್ಲ್ಸ್ ಬ್ಲೇರ್ ಜೊತೆ ಮದುವೆ. 1978ರಲ್ಲಿ ಆತ ವಿಮಾನ ಅಪಘಾತದಲ್ಲಿ ಸತ್ತ ಮೇಲೆ ಆತನ ಆಂಟಿಲೀಸ್ ಏರ್ ಬೋಟ್ಸ್ ಕಂಪನಿಯ ಅಧ್ಯಕ್ಷೆಯಾದಳು. ಅಮೆರಿಕದಲ್ಲಿ ನಿಗದಿತ ವೇಳಾಪಟ್ಟಿಯ ವಿಮಾನ ಕಂಪನಿಯೊಂದನ್ನು ನಡೆಸಿದ ಮೊದಲ ಹೆಂಗಸು ಅಂತ ಹೇಳುತ್ತಾರೆ. 2014ರಲ್ಲಿ, 94ನೇ ವಯಸ್ಸಿನಲ್ಲಿ ಗೌರವ ಆಸ್ಕರ್. ಅದಕ್ಕೂ ಮುಂಚೆ ಒಂದು ಸಲವೂ ಆಕೆಗೆ ಆಸ್ಕರ್ ನಾಮನಿರ್ದೇಶನ ಸಿಕ್ಕಿರಲಿಲ್ಲ. 2015ರ ಅಕ್ಟೋಬರ್ 24ರಂದು ಐಡಾಹೋ ರಾಜ್ಯದ ಬಾಯ್ಸಿಯಲ್ಲಿ ತೀರಿಕೊಂಡಳು.

1957ರ ಪ್ರಕರಣಕ್ಕೆ ಜೋಡಿಸಿ ನೋಡಬೇಕಾದ್ದು ಈ ಪಟ್ಟಿಯಲ್ಲಿ ಒಂದೇ ಒಂದಿದೆ, ಡಿಸ್ನಿ ಜೊತೆಗಿನ ತಕರಾರು. ಆ ಚಿತ್ರದ ಕರಾರಿನಲ್ಲಿ ತನ್ನ ಹೆಸರೇ ಮೊದಲು ಬರಬೇಕು ಅಂತ ಬರೆಸಿಕೊಂಡಿದ್ದಳು. ಸಿನಿಮಾ ಬಂದಾಗ ಮೇಲೆ ಇದ್ದದ್ದು ಬಾಲನಟಿ ಹೇಲಿ ಮಿಲ್ಸ್ ಹೆಸರು, ಅವಳಿ ಪಾತ್ರ ಅಂತ ಎರಡೆರಡು ಸಲ. ಈ ಬಾರಿಯೂ ಆಕೆಯ ಕೈಯಲ್ಲಿ ಕಾಗದವಿತ್ತು, ಪಾಸ್‌ಪೋರ್ಟಿಗಿಂತ ಗಟ್ಟಿ ಕಾಗದ: ಎರಡೂ ಕಡೆಯವರ ಸಹಿ ಇರುವ ಕರಾರು. ತಾರೀಕಿನ ಗೊಂದಲವಿಲ್ಲ, ಟಾರ್ಚ್ ಹಿಡಿದ ಸಾಕ್ಷಿ ಬೇಕಿಲ್ಲ. ಕೇಸು ಹಾಕಿದರೆ ಡಿಸ್ನಿ ನಿನ್ನನ್ನು ಮುಗಿಸಿಬಿಡುತ್ತಾರೆ ಅಂತ ಬಲ್ಲವರು ಎಚ್ಚರಿಸಿದರು ಅಂತ ಆತ್ಮಕಥೆಯಲ್ಲಿ ಬರೆದಿದ್ದಾಳೆ. ಆಕೆ ಕೇಸು ಹಾಕಲಿಲ್ಲ. ಡಿಸ್ನಿಗೆ ಮತ್ತೆ ಯಾವತ್ತೂ ಕೆಲಸವನ್ನೂ ಮಾಡಲಿಲ್ಲ.